ನಾಲ್ಕು ಅಕ್ಷರದ ಊರು, ತೊಂಬತ್ತು ಅಕ್ಷರದ ವಿಳಾಸ

(1/9)
ಬೆರಳು ಮಡಚಿ ಎಣಿಸಿ ನೋಡಿ. ಚಿ-ತ್ರ-ದು-ರ್ಗ, ನಾಲ್ಕು. ಹಿ-ರಿ-ಯೂ-ರು, ನಾಲ್ಕು. ಹೊ-ಸ-ದು-ರ್ಗ, ನಾಲ್ಕು. ಹೊ-ಳ-ಲ್ಕೆ-ರೆ, ಅದೂ ನಾಲ್ಕೇ.

ಈಗ ಕನ್ನಡ ವಿಕಿಪೀಡಿಯಾದಲ್ಲಿ ಚಿತ್ರದುರ್ಗದ ಪುಟ ತೆಗೀರಿ. ಮೇಲೆ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಊರಿನ ಹೆಸರು ಕನ್ನಡದಲ್ಲೇ ಚೆಂದ ಕಾಣುತ್ತೆ. ಆ ಲಿಂಕನ್ನ ಕಾಪಿ ಮಾಡಿ ಯಾರಿಗಾದ್ರೂ ಕಳಿಸಿ. ಹೋಗೋದು ಹೀಗೆ: %ಇ0%ಬಿ2%9ಎ%ಇ0%ಬಿ2%ಬಿಎಫ್... ಹೀಗೇ ಸಾಲುಗಟ್ಟಲೆ. (ಅಲ್ಲಿರೋ ಇ, ಬಿ, ಎ, ಎಫ್ ಎಲ್ಲಾ ಇಂಗ್ಲಿಷ್ ಅಕ್ಷರಗಳು, ಓದೋಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲಿ ಬರೆದಿದ್ದೀನಿ.) ನೋಡಿದವರು "ವೈರಸ್ ಲಿಂಕಾ ಇದು?" ಅಂತ ಕೇಳ್ತಾರೆ.

ನಾನು ಕೂತು ಎಣಿಸಿದೆ. ಲಿಂಕಿನೊಳಗೆ ಚಿತ್ರದುರ್ಗ 90 ಚಿಹ್ನೆ ಆಗುತ್ತೆ. ಹಿರಿಯೂರು 72. ಹೊಸದುರ್ಗ 72. ಹೊಳಲ್ಕೆರೆ 81.

ನಾಲ್ಕಕ್ಷರ ತೊಂಬತ್ತು ಆಗಿದ್ದು ಹೇಗೆ, ಯಾಕೆ, ಯಾವಾಗ? ಅದರ ಕಥೆ ಈ ಸರಣಿ. ನಾನು ಓದ್ತಿರೋದು ಬಿಕಾಂ, ಕೋಡಿಂಗ್ ಕಲಿತಿದ್ದು ಮನೆಯಲ್ಲೇ. ಈ ಕಥೆಯೊಳಗೆ ಬಿದ್ದಿದ್ದಂತೂ ಒಂದು ತಪ್ಪಿನಿಂದ. ಆ ತಪ್ಪಿನಿಂದಲೇ ಶುರು ಮಾಡ್ತೀನಿ.

(2/9)
ಹೊಸದುರ್ಗದಲ್ಲಿ ನಮ್ಮ ಸೋದರಮಾವಂದು ಸಣ್ಣ ಅಂಗಡಿ ಇದೆ. ಗಾಣದ ಎಣ್ಣೆ, ಕೊಬ್ಬರಿ, ಬೆಲ್ಲ. ಹೋದ ವರ್ಷ ರಜೆಯಲ್ಲಿ ಅದಕ್ಕೊಂದು ಪುಟ ಮಾಡಿಕೊಟ್ಟೆ. ಗಿರಾಕಿ ಬೇಕಾದ ಸಾಮಾನು ಆರಿಸಿ, ಮನೆ ವಿಳಾಸ ತುಂಬಿ, ಬಟನ್ ಒತ್ತಿದ್ರೆ ಸಾಕು. ಪುಟವೇ ಒಂದು ವಾಟ್ಸಾಪ್ ಲಿಂಕ್ ಕಟ್ಟಿ, ಆರ್ಡರ್ ಮಾತನ್ನ ಮೊದಲೇ ತುಂಬಿಟ್ಟು ಮಾವನ ನಂಬರಿಗೆ ತೆರೆಯುತ್ತೆ.

ಲಿಂಕನ್ನ ನಾನು ಕಟ್ಟಿರಲಿಲ್ಲ, ಅಂಟಿಸಿದ್ದೆ. ಒಂದು ತುಂಡು, ಪಕ್ಕದಲ್ಲಿ ಪ್ಲಸ್, ಇನ್ನೊಂದು ತುಂಡು, ಮತ್ತೆ ಪ್ಲಸ್. ನನ್ನ ಫೋನಲ್ಲಿ ಮೂರು ಸಲ ಒತ್ತಿ ನೋಡಿದೆ, ಸರಿಯಾಗೇ ಬಂತು.

ಹಿರಿಯೂರಿನ ಹಳೇ ಗಿರಾಕಿಯೊಬ್ಬರ ಮನೇಲಿ ಸೀಮಂತ. ಅವರು ತುಂಬಿದ್ದು: "ಎಣ್ಣೆ 5 ಲೀಟರ್ & ಕೊಬ್ಬರಿ 3 ಕೆಜಿ", ಆಮೇಲೆ ಮನೆ ವಿಳಾಸ. ಮಾವನಿಗೆ ಬಂದಿದ್ದು: "ಎಣ್ಣೆ 5 ಲೀಟರ್". ಅಷ್ಟೇ. ಅವರು ಓದದೇ ಕಳಿಸೋ ಬಟನ್ ಒತ್ತಿದ್ರು. ಮಾವ ನಂಬರ್ ನೋಡಿ ಗುರುತಿನವರೇ ಅಂತ ಎಣ್ಣೆ ಕ್ಯಾನ್ ಮಾತ್ರ ಬಸ್ಸಿಗೆ ಹಾಕಿಸಿದ್ರು. ಕಾರ್ಯದ ಹಿಂದಿನ ರಾತ್ರಿ ಅವರು ಕೊಬ್ಬರಿಗಾಗಿ ಊರೆಲ್ಲಾ ಹುಡುಕಬೇಕಾಯ್ತು.

ಮಾವ ಬೈಯ್ಯಲಿಲ್ಲ. "ಇಪ್ಪತ್ತು ವರ್ಷ ಚೀಟೀಲಿ ಬರ್ಕೊಂಡಿದ್ದೀನಿ ಪುಟ್ಟಾ, ಒಂದು ಸಲಾನೂ ಕೊಬ್ಬರಿ ಮರ್ತಿರಲಿಲ್ಲ" ಅಂದ್ರು ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಕೊಬ್ಬರಿ ತಿಂದಿದ್ದು ಆ "&" ಚಿಹ್ನೆ. ಅದಕ್ಕೆ ಅಷ್ಟು ಅಧಿಕಾರ ಕೊಟ್ಟವರು ಯಾರು ಅಂತ ಹುಡುಕ್ತಾ ಹೋದೆ.

(3/9)
ಮೊದಲು ನಮ್ಮ ಜಿಲ್ಲೆಯ ಹಳೇ ವಿಳಾಸವೊಂದನ್ನ ನೋಡೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿ ಮತ್ತು ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನ ಪತ್ತೆ ಮಾಡಿದ್ರು. ಕಾಲ ಕ್ರಿಸ್ತಪೂರ್ವ 3ನೇ ಶತಮಾನ.

ಬ್ರಹ್ಮಗಿರಿ ಶಾಸನ ಶುರುವಾಗೋದು ಧರ್ಮದ ಮಾತಿಂದ ಅಲ್ಲ, ವಿಳಾಸದಿಂದ. ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರು, ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ತಿಳಿಸೋದು ಅನ್ನೋ ಅರ್ಥದ ಸಾಲು. ಎಲ್ಲಿಂದ, ಯಾರಿಂದ, ಯಾವ ಊರಿಗೆ, ಯಾರಿಗೆ. ಆಮೇಲಷ್ಟೇ ವಿಷಯ. ಆ ಇಸಿಲ ಬ್ರಹ್ಮಗಿರಿಯ ಆಸುಪಾಸಿನ ಊರೇ ಅಂತ ವಿದ್ವಾಂಸರು ಗುರುತಿಸ್ತಾರೆ.

ಇನ್ನೊಂದು ಮಜಾ ಕೊನೆಯಲ್ಲಿದೆ. ಬರೆದವನ ಹೆಸರು ಚಪಡ. ಇಡೀ ಶಾಸನ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದೆ. ಆದ್ರೆ 'ಲಿಪಿಕಾರ' ಅನ್ನೋ ತನ್ನ ಕಸುಬಿನ ಪದವನ್ನ ಮಾತ್ರ ಅವನು ಬಲದಿಂದ ಎಡಕ್ಕೆ ಓದೋ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆ, ಎರಡು ಲಿಪಿ. ಓದುವವನಿಗೆ ಆ ಪದದ ಹತ್ತಿರ ನಿಯಮ ಬದಲಾಯ್ತು ಅಂತ ಗೊತ್ತಿರಬೇಕು, ಇಲ್ಲಾಂದ್ರೆ ಅರ್ಥವೇ ಆಗಲ್ಲ.

ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನೂ ತಂದ್ರು. ನಮ್ಮ ಜಿಲ್ಲೆಯದ್ದು 11ನೇ ಸಂಪುಟ. ಅದರಲ್ಲಿ ಪ್ರತಿ ಶಾಸನಕ್ಕೂ ಒಂದು ಗುರುತು: ಸಂಪುಟ, ತಾಲ್ಲೂಕು, ಸಂಖ್ಯೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯೋ ಮೂರು ಮೆಟ್ಟಿಲು. ವೆಬ್ ಲಿಂಕಿನಲ್ಲಿ ಓರೆಗೆರೆ ಹಾಕಿ ಹಾಕಿ ಒಳಗೆ ಹೋಗ್ತೀವಲ್ಲ, ಅದೇ ಕ್ರಮ.

(4/9)
ಈಗ ವೆಬ್ಬಿಗೆ ಬರೋಣ. ಕಂಪ್ಯೂಟರ್‌ಗಳಿಗೆ ನಂಬರ್ ಬದಲು ಚುಕ್ಕಿ ಹಾಕಿದ ಹೆಸರು ಕೊಡೋ ಡೊಮೈನ್ ಪದ್ಧತಿಯನ್ನ ಪಾಲ್ ಮೋಕಪೆಟ್ರಿಸ್ 1983ರಲ್ಲಿ ರೂಪಿಸಿದ್ರು. ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ವೆಬ್ಬಿನ ಪ್ರಸ್ತಾವ ಬರೆದಿದ್ದು 1989ರಲ್ಲಿ. ಯುಆರ್‌ಎಲ್ ಅನ್ನೋ ವಿಳಾಸಕ್ಕೆ ಬರವಣಿಗೆಯ ನಿಯಮ ಬಂದಿದ್ದು 1994ರ ಡಿಸೆಂಬರಿನಲ್ಲಿ, ಆರ್‌ಎಫ್‌ಸಿ 1738 ಅನ್ನೋ ದಾಖಲೆಯಲ್ಲಿ. ಇವತ್ತಿಗೂ ಆಧಾರವಾಗಿರೋ ಆರ್‌ಎಫ್‌ಸಿ 3986 ಬಂದಿದ್ದು 2005ರ ಜನವರಿಯಲ್ಲಿ.

ಆ ನಿಯಮದ ಪ್ರಕಾರ ಬಿಡಿಸಿದ್ರೆ ವಿಳಾಸಕ್ಕೆ ಎಷ್ಟು ಭಾಗ ಗೊತ್ತಾ? ಸ್ಕೀಮ್ (ಮೊದಲಿನ ಎಚ್‌ಟಿಟಿಪಿಎಸ್), ಬಳಕೆದಾರನ ಗುರುತು, ಹೋಸ್ಟ್, ಪೋರ್ಟ್, ದಾರಿ, ಪ್ರಶ್ನೆ, ತುಣುಕು. ಏಳು! ದುರ್ಗದವರಿಗೆ ಬೇರೆ ಹೇಳಬೇಕಾ? ಏಳು ಸುತ್ತಿನ ಕೋಟೆ.

ಒಂದು ಸುತ್ತಿಂದ ಇನ್ನೊಂದಕ್ಕೆ ಹೋಗೋ ಬಾಗಿಲುಗಳೇ ಚಿಹ್ನೆಗಳು. ಓರೆಗೆರೆ (/) ಬಂದ್ರೆ ದಾರಿಯ ಮುಂದಿನ ಮೆಟ್ಟಿಲು. ಪ್ರಶ್ನಾರ್ಥಕ ಬಂದ್ರೆ ಪ್ರಶ್ನೆ ಭಾಗ ಶುರು. ಅದರೊಳಗೆ & ಬಂದ್ರೆ "ಹಿಂದಿನ ಮಾತು ಮುಗೀತು, ಹೊಸದು ಶುರು". # ಬಂದ್ರೆ ತುಣುಕು.

ಗೊತ್ತಾಯ್ತಲ್ಲ? ಗಿರಾಕಿ ಬರೆದ & 'ಮತ್ತು' ಅನ್ನೋ ಅರ್ಥದ್ದು. ಲಿಂಕಿನೊಳಗೆ ಅದು ಬಾಗಿಲಾಯ್ತು. ಎಣ್ಣೆ ಬಾಗಿಲಿನ ಈಚೆ, ಕೊಬ್ಬರಿ ಆಚೆ. ಹೆಬ್ಬಾಗಿಲಲ್ಲಿ ಎಷ್ಟೇ ಕಾವಲಿದ್ರೂ ಕಿಂಡಿಯಲ್ಲಿ ನುಸುಳಬಹುದು ಅನ್ನೋದು ಓಬವ್ವನ ಊರಿನವರಾದ ನಮಗೆ ಗೊತ್ತಿರಬೇಕಿತ್ತು. ನನ್ನ ಕಿಂಡಿಗೆ ಕಾವಲೇ ಇರಲಿಲ್ಲ.

ಬರ್ನರ್ಸ್-ಲೀ ಅವರಿಗೇ ತಮ್ಮ ವಿನ್ಯಾಸದ ಬಗ್ಗೆ ಒಂದು ಕೊರಗಿತ್ತು. ಶುರುವಿನ ಜೋಡಿ ಓರೆಗೆರೆ ಬೇಕಾಗೇ ಇರಲಿಲ್ಲ ಅಂತ 2009ರಲ್ಲಿ ಒಪ್ಪಿಕೊಂಡ್ರು.

(5/9)
ಸರಿ, 90ರ ಲೆಕ್ಕ. ಬಿಕಾಂನವರಿಗೆ ಇಷ್ಟ ಆಗೋ ಭಾಗ.

ವಿಳಾಸದ ನಿಯಮ ಬರೆದಾಗ ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ ಜಾಗ. ಅವೆಲ್ಲಾ 1963ರ ಆಸ್ಕಿ ಪಟ್ಟಿಯವು, ಅದರಲ್ಲಿರೋ ಮನೆಗಳೇ 128. ಕನ್ನಡಕ್ಕೆ ಒಂದು ಮನೆಯೂ ಇಲ್ಲ. ಬೇರೆಯವರ ಬಾಯಿಗೆ, ಬೇರೆಯವರ ಲಿಪಿಗೆ ತಕ್ಕಂತೆ ನಮ್ಮ ಹೆಸರು ಬದಲಾಗೋದು ಹೊಸದೇನಲ್ಲ. ಬ್ರಿಟಿಷರ ದಾಖಲೆಗಳಲ್ಲಿ ನಾವು ಚಿತಲ್‌ಡ್ರೂಗ್ ಆಗಿದ್ವಲ್ಲ!

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡ ಇತ್ತು. ಭಾರತದ ಇಸ್ಕಿ ಪಟ್ಟಿಯ ಜೋಡಣೆಯನ್ನೇ ಅಲ್ಲಿ ಅನುಸರಿಸಿದ್ರು. ಯೂನಿಕೋಡ್ ಎಣಿಸೋದು ಬಾಯಲ್ಲಿ ಉಚ್ಚರಿಸೋ ಅಕ್ಷರವನ್ನಲ್ಲ, ಬಿಡಿ ಭಾಗಗಳನ್ನ. ಚಿ ಅಂದ್ರೆ ಚ ಮತ್ತು ಗುಡಿಸು, 2. ತ್ರ ಅಂದ್ರೆ ತ, ಅರ್ಧಾಕ್ಷರದ ಗುರುತು, ರ, 3. ದು, 2. ರ್ಗ, 3. ಒಟ್ಟು 10.

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅಮೆರಿಕದ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ರು. ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ ಥಾಂಪ್ಸನ್ ಯುಟಿಎಫ್-8 ವಿಧಾನ ಗೀಚಿದ್ರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಭಾಗಕ್ಕೂ 3. ಹತ್ತು ಮೂರ್ಲಿ ಮೂವತ್ತು.

ಇನ್ನು ವಿಳಾಸದೊಳಗೆ ಹೋಗಲಾರದ ಬೈಟನ್ನ ಒಂದು % ಚಿಹ್ನೆ, ಎರಡು ಗುರುತು ಹಾಕಿ ಬರೀಬೇಕು. ಬೈಟಿಗೆ ಮೂರು. ಮೂವತ್ತು ಮೂರ್ಲಿ ತೊಂಬತ್ತು.

4, 10, 30, 90. ಯಾರೂ ನಮ್ಮ ಮೇಲೆ ಹಗೆ ಸಾಧಿಸಿದ್ದಲ್ಲ. ಮೊದಲು ಬಂದವರು ತಮಗೆ ಬೇಕಾದಷ್ಟೇ ಮನೆ ಕಟ್ಟಿದ್ರು, ಆಮೇಲೆ ಬಂದ ನಾವು ಅದರೊಳಗೇ ಮಡಚಿಕೊಂಡು ಕೂತ್ವಿ. ಒಳ್ಳೇದೇನಂದ್ರೆ ಮಡಚಿದ್ದನ್ನ ಒಂದು ಅಕ್ಷರವೂ ಹಾಳಾಗದಂತೆ ಬಿಡಿಸಬಹುದು.

(6/9)
"ಕನ್ನಡದ ಕಷ್ಟ ಅಲ್ವಾ, ಇಂಗ್ಲಿಷಲ್ಲಿ ಬರೆದ್ರೆ ಮುಗೀತು" ಅಂತೀರಾ? ತಾಳಿ. ನಮ್ಮ ಜಿಲ್ಲೆಯ ಮಾಮೂಲಿ ಕಾಗದಪತ್ರಗಳನ್ನೇ ನೋಡಿ.

ಪಹಣಿಯಲ್ಲಿ ಸರ್ವೆ ನಂಬರ್ 45/2 ಅಂತಿರುತ್ತೆ. ಅದನ್ನ ಹಾಗೇ ಲಿಂಕಿನ ದಾರಿಗೆ ಹಾಕಿದ್ರೆ 45 ಒಂದು ಮೆಟ್ಟಿಲು, 2 ಇನ್ನೊಂದು ಮೆಟ್ಟಿಲು. ಒಂದೇ ಜಮೀನಿನ ನಂಬರನ್ನ ಲಿಂಕೇ ಎರಡು ಪಾಲು ಮಾಡಿಬಿಡುತ್ತೆ.

ಮನೆ ನಂಬರನ್ನ ನಾವೆಲ್ಲಾ "#12, 3ನೇ ಕ್ರಾಸ್" ಅಂತ ಬರೀತೀವಿ. ಲಿಂಕಿನಲ್ಲಿ # ಬಂದ ಮೇಲಿನ ಭಾಗ ಸರ್ವರಿಗೆ ಹೋಗೋದೇ ಇಲ್ಲ, ಅದು ನಿಮ್ಮ ಬ್ರೌಸರಿನಲ್ಲೇ ಉಳಿಯುತ್ತೆ. ಅಂದ್ರೆ ಕ್ರಾಸು, ಬಡಾವಣೆ, ಊರು, ಪಿನ್‌ಕೋಡ್ ಎಲ್ಲಾ ಮಾಯ. ಮಾವನ ಗಿರಾಕಿಯ ವಿಳಾಸದಲ್ಲೂ # ಇತ್ತು. & ತಿನ್ನದೇ ಬಿಟ್ಟಿದ್ರೆ # ತಿಂತಿತ್ತು.

ಫೋನ್ ನಂಬರ್ +91 ಅಂತ ಶುರುವಾಗುತ್ತೆ. ಫಾರಂ ತುಂಬಿದ್ದನ್ನ ಸಾಗಿಸೋ ಹಳೇ ಪದ್ಧತಿಯಲ್ಲಿ + ಅಂದ್ರೆ ಖಾಲಿ ಜಾಗ. ಹಾಗಾಗಿ ಆ ಕಡೆ ತಲುಪೋದು ಬರೀ 91, ಮುಂದೆ ಒಂದು ಖಾಲಿ.

"ಜಿಎಸ್‌ಟಿ 5% ಸೇರಿ" ಅಂತ ಬರೆದ್ರೆ % ಕಂಡ ಕಂಪ್ಯೂಟರ್ ಮುಂದಿನ ಎರಡು ಗುರುತನ್ನ ಬೈಟ್ ಅಂತ ಓದೋಕೆ ಹೋಗುತ್ತೆ.

ಅಂಗಡಿ ಕ್ಯೂಆರ್ ಕೋಡ್ ಇದ್ಯಲ್ಲ, ಅದರೊಳಗಿರೋದೂ ಒಂದು ವಿಳಾಸವೇ. 2016ರಲ್ಲಿ ಶುರುವಾದ ಯುಪಿಐಗೆ ತನ್ನದೇ ಸ್ಕೀಮ್ ಇದೆ. ಆಮೇಲೆ ಯಾರಿಗೆ, ಯಾವ ಹೆಸರಿಗೆ, ಎಷ್ಟು ಅನ್ನೋ ಭಾಗಗಳು, ನಡುವೆ &. ಈಗ ಅಂಗಡಿ ಹೆಸರಲ್ಲೇ "& ಸನ್ಸ್" ಇದ್ರೆ? ಕೈಯಲ್ಲಿ ಅಂಟಿಸಿದ ಲಿಂಕಲ್ಲಿ ಮಕ್ಕಳು ಬಾಗಿಲ ಆಚೆ ಉಳೀತಾರೆ.

ಲೆಡ್ಜರಿನಲ್ಲಿ ಡೆಬಿಟ್ ಕಾಲಮ್ಮಿನ ಅಂಕಿ ಕ್ರೆಡಿಟ್ಟಿಗೆ ಹಾರಿದ್ರೆ ಅಂಕಿ ತಪ್ಪಲ್ಲ, ಜಾಗ ತಪ್ಪು. ಇಲ್ಲಿ ಆಗೋದೂ ಅದೇ.

(7/9)
ಇದಕ್ಕಿಂತ ನನ್ನನ್ನ ಕಾಡಿಸಿದ್ದು ಒಂದು ಫೋಟೋ. ಸ್ನೇಹಿತರೊಬ್ಬರು ತಮ್ಮ ಹಳೇ ಮ್ಯಾಕ್‌ನಲ್ಲಿ ಅಂಗಡಿ ಫೋಟೋ ತಿದ್ದಿ, ಫೈಲಿಗೆ 'ಹೊಸದುರ್ಗ' ಅಂತ ಹೆಸರಿಟ್ಟು ಕೊಟ್ರು. ನಾನು ಲಿಂಕಿನಲ್ಲಿ ಅದೇ ಹೆಸರು ಟೈಪ್ ಮಾಡಿದೆ. ಪುಟ ಹೇಳಿದ್ದು: ಸಿಗಲಿಲ್ಲ. ಅಕ್ಷರ ಅಕ್ಷರ ಹೋಲಿಸಿದೆ, ಕಣ್ಣಿಗೆ ಕೂದಲೆಳೆ ವ್ಯತ್ಯಾಸ ಇಲ್ಲ.

ಕಾರಣ ಮೊದಲನೇ ಅಕ್ಷರದಲ್ಲೇ ಇತ್ತು. ಯೂನಿಕೋಡ್‌ನಲ್ಲಿ 'ಹೊ' ಬರೆಯೋಕೆ ಎರಡು ದಾರಿ. ಒಂದು, ಹ ಜೊತೆಗೆ ಒ-ಕಾರದ ಒಂದೇ ಚಿಹ್ನೆ. ಇನ್ನೊಂದು, ಹ ಜೊತೆಗೆ ಎ-ಕಾರದ ಚಿಹ್ನೆ, ಅದರ ಪಕ್ಕ ಊ-ಕಾರದ ಚಿಹ್ನೆ. ಪರದೆ ಮೇಲೆ ಎರಡೂ ಒಂದೇ ರೂಪ. ಲಿಂಕಿನೊಳಗೆ ಮೊದಲನೇ ಹೊಸದುರ್ಗ 72, ಎರಡನೇದು 81. ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ ಹೆಸರುಗಳನ್ನ ಹೀಗೆ ಬಿಡಿಸಿ ಇಡ್ತಿತ್ತು, ಫೋನ್ ಕೀಲಿಮಣೆ ಕೂಡಿಸಿ ಬರೆಯುತ್ತೆ.

ನಮ್ಮ ನಾಲ್ಕು ಊರಲ್ಲಿ ಎರಡು ಶುರುವಾಗೋದೇ 'ಹೊ' ಇಂದ! ಹೊಸದುರ್ಗ, ಹೊಳಲ್ಕೆರೆ. ಇಂಗ್ಲಿಷ್ ಹೆಸರಿನ ಊರವರಿಗೆ ಈ ತಲೆನೋವೇ ಗೊತ್ತಿಲ್ಲ.

ಪರಿಹಾರ ಯೂನಿಕೋಡ್‌ನವರೇ ಕೊಟ್ಟಿದ್ದಾರೆ. ಬಿಡಿಸಿದ ರೂಪವನ್ನ ಕೂಡಿಸಿ ಒಂದೇ ಪ್ರಮಾಣರೂಪಕ್ಕೆ ತರೋ ಕ್ರಮ ಇದೆ, ಅದಕ್ಕೆ ಎನ್‌ಎಫ್‌ಸಿ ಅಂತಾರೆ. ಫೈಲಿಗೆ ಹೆಸರಿಡೋವಾಗಲೂ ಲಿಂಕ್ ಕಟ್ಟೋವಾಗಲೂ ಹೆಸರನ್ನ ಈ ಸಾಣೆಗೆ ಹಿಡಿದ್ರೆ ಎರಡು ಹೊಸದುರ್ಗ ಒಂದಾಗುತ್ತೆ.

ಆದ್ರೆ ಸಾಣೆಗೂ ಮಿತಿ ಇದೆ. 'ಹೊಳಲ್ಕೆರೆ' ಅಂತ ಒಬ್ಬರು, 'ಹೊಳಲಕೆರೆ' ಅಂತ ಇನ್ನೊಬ್ಬರು ಬರೆದ್ರೆ ಅದು ಸೇರಿಸಲ್ಲ. ಮಾರಿಕಣಿವೆ, ವಾಣಿವಿಲಾಸ ಸಾಗರ, ವಿ.ವಿ. ಸಾಗರ ಮೂರೂ ಹಿರಿಯೂರಿನ ಒಂದೇ ನೀರು ಅಂತಾನೂ ಅದಕ್ಕೆ ಗೊತ್ತಿಲ್ಲ. ಆ ಕೆಲಸ ಊರು ಬಲ್ಲವರದ್ದು.

(8/9)
ಇಷ್ಟೆಲ್ಲಾ ನೆನಪಿಟ್ಟುಕೊಂಡು ಯಾರು ಬರೀತಾರೆ? ಯಾರೂ ಇಲ್ಲ. ಅದಕ್ಕೇ ಸಹಾಯಕ ಲೈಬ್ರರಿಗಳು ಹುಟ್ಟಿದ್ದು. ಲೈಬ್ರರಿ ಅಂದ್ರೆ ಮೊದಲೇ ಯಾರೋ ಬರೆದಿಟ್ಟ ಕೋಡಿನ ಗಂಟು, ನಾವು ಕರೆದು ಬಳಸೋದು.

ಅವೂ ಎಡವುತ್ತಲೇ ಕಲಿತಿವೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲು 'ಎಸ್ಕೇಪ್' ಅನ್ನೋ ಉಪಕರಣ ಇತ್ತು. ಕನ್ನಡ ಕೊಟ್ರೆ ಅದು ವಿಳಾಸದ ನಿಯಮದಲ್ಲೇ ಇಲ್ಲದ ವಿಚಿತ್ರ ರೂಪ ಕೊಡ್ತಿತ್ತು. 1999ರ ಡಿಸೆಂಬರಿನ ಆವೃತ್ತಿಯಲ್ಲಿ ಎರಡು ಹೊಸವು ಬಂದ್ವು. 'ಎನ್‌ಕೋಡ್ ಯುಆರ್‌ಐ' ಇಡೀ ವಿಳಾಸಕ್ಕೆ, ಅದು &, /, #, + ಇವನ್ನ ಮುಟ್ಟಲ್ಲ. 'ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್' ಒಂದು ಭಾಗಕ್ಕೆ, ಅದು ಅವನ್ನೂ ಮಡಚುತ್ತೆ. ನಾನು ಬಳಸಿದ್ದು ಮೊದಲನೇದು. ಕನ್ನಡ ಸರಿಯಾಗಿ ಹೋಯ್ತು, ಕೊಬ್ಬರಿ ಹೋಗಲಿಲ್ಲ.

ಪೈಥಾನ್‌ನ 'ಕೋಟ್' ಉಪಕರಣ ನಾವು ಬೇಡ ಅನ್ನೋವರೆಗೂ ಓರೆಗೆರೆಯನ್ನ ಹಾಗೇ ಬಿಡುತ್ತೆ. ನಮ್ಮ 45/2 ಅಲ್ಲಿ ಸಿಕ್ಕಿಬೀಳುತ್ತೆ. ಅದಕ್ಕೇ ಪೈಥಾನ್‌ನಲ್ಲಿ ಫರ್ಲ್, ಯಾರ್ಲ್, ರೂಬಿಯಲ್ಲಿ ಅಡ್ರೆಸಬಲ್, ಈಗ ಬ್ರೌಸರಿನೊಳಗೇ ಯುಆರ್‌ಎಲ್ ಸರ್ಚ್ ಪ್ಯಾರಮ್ಸ್ ಅಂತ ಇನ್ನೂ ಅನುಕೂಲದವು ಇವೆ. ಎಲ್ಲದರ ತತ್ವ ಒಂದೇ. ಕನ್ನಡದಲ್ಲಿ ತೋರಿಸ್ತೀನಿ:

ವಿಳಾಸ = ಹೊಸ_ವಿಳಾಸ(ಅಂಗಡಿ)
ವಿಳಾಸ.ದಾರಿ("ಚಿತ್ರದುರ್ಗ", "ಹೊಸದುರ್ಗ")
ವಿಳಾಸ.ಪ್ರಶ್ನೆ("ಆರ್ಡರ್", "ಎಣ್ಣೆ & ಕೊಬ್ಬರಿ")
ವಿಳಾಸ.ಪ್ರಶ್ನೆ("ಮನೆ", "#12, 3ನೇ ಕ್ರಾಸ್")

ಎಲ್ಲೂ % ಇಲ್ಲ, ಪ್ಲಸ್ ಇಲ್ಲ. ಯಾವುದು ಯಾವ ಭಾಗ ಅಂತ ಮಾತ್ರ ನೀವು ಹೇಳ್ತೀರಿ, ಮಡಚೋದು ಅದರ ಕೆಲಸ. ಒಂದೇ ಎಚ್ಚರ: ನೀವು ಮೊದಲೇ ಮಡಚಿ ಕೊಡಬೇಡಿ. ಕೊಟ್ರೆ % ಚಿಹ್ನೆಯನ್ನೂ ಅದು %25 ಅಂತ ಮತ್ತೆ ಮಡಚುತ್ತೆ. ಬೆಂದ ಅನ್ನವನ್ನ ಇನ್ನೊಮ್ಮೆ ಕುಕ್ಕರಿಗೆ ಹಾಕಿದ ಹಾಗೆ.

(9/9)
ಕೊನೇ ಭಾಗ. ಹೊಸದುರ್ಗ ಅಂದ್ರೆ ಯಾವ ಹೊಸದುರ್ಗ?

ಕಾಸರಗೋಡು ಜಿಲ್ಲೆಯಲ್ಲೂ ಒಂದಿದೆ, ಕಾಞಂಗಾಡ್ ಪಟ್ಟಣದಲ್ಲಿ, ಇಕ್ಕೇರಿ ನಾಯಕರ ಕೋಟೆ ಇರೋ ಜಾಗ. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಸೇರಿತು. ಹೆಸರು ಒಂದೇ, ಊರು ಎರಡು. ಬರೀ 'ಹೊಸದುರ್ಗ' ಅಂತ ಕೊಟ್ರೆ ಯಾವ ಲೈಬ್ರರಿಯೂ ಕಾಪಾಡಲ್ಲ. ಚಿತ್ರದುರ್ಗ, ಆಮೇಲೆ ಹೊಸದುರ್ಗ ಅಂತ ಮೆಟ್ಟಿಲು ಹಾಕಬೇಕು. ರೈಸ್ ಶಾಸನಕ್ಕೆ ಹಾಕಿದ ಹಾಗೆ, ಸುವರ್ಣಗಿರಿಯವರು ಇಸಿಲಕ್ಕೆ ಬರೆದ ಹಾಗೆ.

ಹೋಸ್ಟ್ ಭಾಗಕ್ಕೂ ಈಗ ಕನ್ನಡ ಬಂದಿದೆ. ಭಾರತೀಯ ಲಿಪಿಗಳ ಡೊಮೈನ್‌ಗಳಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಏಳಕ್ಕೆ. ಅದರಲ್ಲಿ ತೆಲುಗು, ತಮಿಳು ಇದ್ವು, ಕನ್ನಡ ಇರಲಿಲ್ಲ. ಕನ್ನಡದ '.ಭಾರತ' ಆಮೇಲೆ ಬಂತು. ಅಲ್ಲಿ % ನಡೆಯಲ್ಲ, ಪ್ಯೂನಿಕೋಡ್ ಅನ್ನೋ ಬೇರೆಯೇ ಮಡಿಕೆ. ಒಂದೇ ವಿಳಾಸದಲ್ಲಿ ಹೋಸ್ಟಿಗೆ ಒಂದು ನಿಯಮ, ದಾರಿಗೆ ಇನ್ನೊಂದು. ಚಪಡ ನೆನಪಾದ್ನಾ?

ನನಗೆ ಅರ್ಥ ಆಗಿದ್ದು ಇಷ್ಟು. ವಿಳಾಸ ಅನ್ನೋದು ಉದ್ದದ ಒಂದು ಸಾಲಲ್ಲ, ಬೇರೆ ಬೇರೆ ನಿಯಮದ ಭಾಗಗಳನ್ನ ಸೇರಿಸಿ ಕಟ್ಟಿದ್ದು. ಭಾಗ ಗುರುತಿಸಿ ಕೊಟ್ರೆ ಊರಿನ ಹೆಸರನ್ನ ಇಂಗ್ಲಿಷಿಗೆ ತಿರುಗಿಸೋ ಅಗತ್ಯ ಇಲ್ಲ, ಮನೆ ನಂಬರಿನ # ಬಿಡೋದೂ ಬೇಡ. 90 ಚಿಹ್ನೆ ಹೊರೋದು ಕಂಪ್ಯೂಟರ್, ನೀವು ನಾಲ್ಕೇ ಅಕ್ಷರ ಬರೀರಿ.

ಮಾವನ ಪುಟವನ್ನ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಪರೀಕ್ಷೆಗೆ ಮೊದಲ ಆರ್ಡರ್ ನಾನೇ ಹಾಕಿದ್ದು: "ಕೊಬ್ಬರಿ 1 ಕೆಜಿ & ಬೆಲ್ಲ 5% ಕಮ್ಮಿ ರೇಟಿಗೆ + ಒಂದು ತೆಂಗಿನಕಾಯಿ, #12". ಪೂರ್ತಿ ಹೋಯ್ತು. ಮಾವನ ಉತ್ತರವೂ ಬಂತು: "ರೇಟು ಕಮ್ಮಿ ಇಲ್ಲ. ಉಳಿದದ್ದು ಸಿಗುತ್ತೆ."

ಹಿರಿಯೂರಿನವರು ಈಗಲೂ ಆರ್ಡರ್ ಹಾಕಿದ ಮೇಲೆ ಒಂದು ಫೋನ್ ಮಾಡಿ ಕೊಬ್ಬರಿ ಬಂತಾ ಅಂತ ಕೇಳ್ತಾರೆ. ಕೇಳಲಿ. ಅಷ್ಟು ಹಕ್ಕು ಅವರಿಗಿದೆ.

ನಿಮ್ಮ ಮನೆ ವಿಳಾಸದಲ್ಲಿ, ಅಂಗಡಿ ಹೆಸರಲ್ಲಿ, ಪಹಣಿಯಲ್ಲಿ ಇಂಥ ಯಾವ ಚಿಹ್ನೆ ಇದೆ? ಕೆಳಗೆ ಬರೀರಿ. ನಿಮ್ಮೂರಿನ ಹೆಸರು ಲಿಂಕಿನಲ್ಲಿ ಎಷ್ಟು ಚಿಹ್ನೆ ಆಗುತ್ತೆ ಅಂತ ಎಣಿಸಿ ಹೇಳ್ತೀನಿ.

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಕನ್ನಡದಲ್ಲಿತಂತ್ರಜ್ಞಾನ #ಇತಿಹಾಸ